ಮೊದಲನೇ ಹನಿ ಅಕ್ಕನ ಹಣೆಗೆ

ಬಸ್ಸಿನಲ್ಲಿ ಪಕ್ಕ ಕೂತವರು "ಏನ್ ಕೆಲಸದಲ್ಲಿದ್ರಿ?" ಎಂದು ಕೇಳಿದರೆ "ಕುಂಕುಮ ಒಣಗಿಸೋ ಕೆಲಸ" ಎನ್ನುತ್ತೇನೆ. ಕೆಲವರು ನಗುತ್ತಾರೆ, ಕೆಲವರು ಕಿಟಕಿಯ ಕಡೆ ಮುಖ ತಿರುಗಿಸುತ್ತಾರೆ. ನಾನು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಚಿಕ್ಕಮಗಳೂರಿನ ಹೊರವಲಯದಲ್ಲಿ ಒಂದು ಶೀಟಿನ ಶೆಡ್ಡು. ಅಲ್ಲಿ ಪುಟ್ಟ ಬಾಟಲಿಗಳಲ್ಲಿ ಲಿಕ್ವಿಡ್ ಕುಂಕುಮ ತಯಾರಾಗುತ್ತದೆ. ಅದು ಹಣೆಯ ಮೇಲೆ ಬೇಗ ಒಣಗಬೇಕು, ಒಣಗಿದ ಮೇಲೆ ಬಿಡಬಾರದು, ಹಚ್ಚಿಕೊಂಡವರಿಗೆ ಬೇಡವೆನಿಸಿದಾಗ ಬಿಡಬೇಕು. ಇಷ್ಟನ್ನೇ ಹಿಡಿದುಕೊಂಡು ನನ್ನ ಆಯುಷ್ಯ ಕಳೆಯಿತು. ಕಳೆದದ್ದಕ್ಕೆ ಬೇಜಾರಿಲ್ಲ, ಸಂತೋಷವೇ ಇದೆ.

ನನ್ನ ಜಾಗಕ್ಕೆ ಬಂದಿರುವ ಹುಡುಗಿ ಮೊನ್ನೆ ಫೋನು ಮಾಡಿ, "ಸರ್, ಈ ಕೆಲಸದಲ್ಲಿ ಕಲಿಯೋಕೆ ಏನಿದೆ?" ಎಂದಳು. ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬಡ್ತಿ ಗಿಡ್ತಿಯ ಕಥೆ ನನ್ನ ಹತ್ತಿರ ಇಲ್ಲ. ಸೇರಿದಾಗಲೂ ಕೆಮಿಸ್ಟ್, ಬಿಟ್ಟಾಗಲೂ ಕೆಮಿಸ್ಟ್. ನಡುವೆ ಕೂದಲು ಮಾತ್ರ ಹೋಯಿತು.

ಮೊದಲು ಪಾಲಿಮರಿನ ವಿಷಯ ಹೇಳಿಬಿಡುತ್ತೇನೆ, ಹೆದರಬೇಡಿ. ಅನ್ನದ ಗಂಜಿ ತಟ್ಟೆಯ ಅಂಚಿನಲ್ಲಿ ಒಣಗಿ ತೆಳ್ಳಗಿನ ಹಾಳೆಯಂತೆ ಎದ್ದು ಬರುತ್ತದಲ್ಲ, ಅದೇ ಇದು. ಉದ್ದನೆಯ ದಾರದಂಥ ಅಣುಗಳು ನೀರಿನಲ್ಲಿ ತೇಲಾಡುತ್ತಿರುತ್ತವೆ. ನೀರು ಆರಿದ ಹಾಗೆ ಒಂದಕ್ಕೊಂದು ಹೆಣೆದುಕೊಂಡು ಪದರವಾಗುತ್ತವೆ, ಬಣ್ಣ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಉಗುರುಬಣ್ಣ, ಕೂದಲಿನ ಜೆಲ್, ರೆಪ್ಪೆಗೆ ಹಚ್ಚುವ ಮಸ್ಕರಾ, ಬೆವರಿಗೆ ಹೋಗದ ಸನ್‌ಸ್ಕ್ರೀನ್ ಎಲ್ಲದರಲ್ಲೂ ದುಡಿಯುವುದು ಈ ಪದರವೇ. ಹೊಗಳಿಸಿಕೊಳ್ಳುವುದು ಮಾತ್ರ ಬಣ್ಣ. ನಮ್ಮ ಅಜ್ಜಿಯಂದಿರು ಹಣೆಗೆ ಮೊದಲು ಮೇಣ ಸವರಿ ಅದರ ಮೇಲೆ ಕುಂಕುಮದ ಪುಡಿ ಒತ್ತಿಕೊಳ್ಳುತ್ತಿದ್ದರು. ಅವರಿಗೆ ಪಾಲಿಮರ್ ಎಂಬ ಹೆಸರು ಗೊತ್ತಿರಲಿಲ್ಲ, ಅಷ್ಟೇ.

ನನ್ನ ಮೊದಲ ಕೆಲಸ ಬೆಂಗಳೂರಿನ ಒಂದು ದೊಡ್ಡ ಕಾರ್ಖಾನೆಯ ಉಗುರುಬಣ್ಣದ ವಿಭಾಗದಲ್ಲಿ. ಲ್ಯಾಬಿನ ಮುಖ್ಯಸ್ಥೆ ಕಮಲಾ ಮೇಡಂ. ಸೇರಿದ ಹೊಸತರಲ್ಲಿ ನಾನೊಂದು ಬಣ್ಣ ಮಾಡಿ, ಹಚ್ಚಿ ನೋಡಲು ಪ್ಯಾಕಿಂಗಿನ ಹುಡುಗಿಯೊಬ್ಬಳನ್ನು ಕರೆದೆ. ಮೇಡಂ ನನ್ನ ಎಡಗೈ ಹಿಡಿದು ಮೇಜಿನ ಮೇಲೆ ಒತ್ತಿದರು. "ನಿನಗೆ ಉಗುರಿಲ್ವಾ? ನಿನ್ನ ಮೈಗೆ ಹಚ್ಚಿಕೊಳ್ಳದೇ ಇರೋದನ್ನ ಇನ್ನೊಬ್ಬರ ಮೈಗೆ ಹಚ್ಚಿದ್ರೆ ಇಲ್ಲಿಂದ ಆಚೆ ಹಾಕ್ತೀನಿ!" ಅವರಿಂದ ಕಲಿತ ಎರಡನೆಯ ಪಾಠ: ಪರೀಕ್ಷೆ ಮಾಡುವ ಮೊದಲು ಚರ್ಮವನ್ನು ಸೋಪಿನಲ್ಲಿ ತೊಳೆದು, ಸ್ಪಿರಿಟ್‌ನಲ್ಲಿ ಒರೆಸಬೇಕು. ಕೊಳೆ, ಎಣ್ಣೆ, ಪೌಡರು ಏನೂ ಇರಬಾರದು. ಈ ಎರಡನ್ನೂ ನಾನು ಕೊನೆಯವರೆಗೂ ಪಾಲಿಸಿದೆ. ಎರಡನೆಯದನ್ನು ಪಾಲಿಸಿದ್ದರಿಂದಲೇ ಒಂದು ಮಳೆಗಾಲದಲ್ಲಿ ವಾರಗಟ್ಟಲೆ ಕತ್ತಲಲ್ಲಿ ತಡಕಾಡಿದೆ, ಆ ಮಾತು ಮುಂದೆ ಬರುತ್ತದೆ.

ಮೊದಲನೆಯ ಪಾಠದ ಫಲ ಬೇಗನೆ ಸಿಕ್ಕಿತು. ಕಳಸಕ್ಕೆ ಹೆಣ್ಣು ನೋಡಲು ಹೋದೆವು. ಉಪ್ಪಿಟ್ಟಿನ ತಟ್ಟೆಗೆ ಕೈ ಚಾಚಿದಾಗ ಹುಡುಗಿಯ ಸೋದರಮಾವ ನನ್ನ ಎಡಗೈಯನ್ನೇ ನೋಡುತ್ತಿದ್ದರು. ಐದು ಉಗುರಿಗೆ ಐದು ಬಣ್ಣ! ಎರಡು ದಿನ ಒರೆಸದೆ ಬಿಟ್ಟು ನೋಡಬೇಕೆಂದು ಮೇಡಂ ಹೇಳಿದ್ದರು, ನಾನು ಬಿಟ್ಟಿದ್ದೆ. ಮಾವ ನಮ್ಮಪ್ಪನನ್ನು ಹೊರಗೆ ಕರೆದು, "ಹುಡುಗ ಆರಾಮಿದ್ದಾನಲ್ಲ ಮಾರಾಯ್ರೆ?" ಎಂದು ವಿಚಾರಿಸಿದರಂತೆ. ಒಳಗಿನಿಂದ ಹುಡುಗಿ ಮಾತ್ರ, "ಮಧ್ಯದ ಬೆರಳಿಂದು ಚೆನ್ನಾಗಿದೆ" ಎಂದಳು. ಅವಳೇ ಸಾವಿತ್ರಿ. ಈಗಲೂ ವಸ್ತಾರೆಯ ನಮ್ಮ ಮನೆಯಲ್ಲಿ, ನಾನು ಬರೆಯುವುದನ್ನು ಕನ್ನಡಕದ ಮೇಲಿಂದ ಇಣುಕಿ ನೋಡುತ್ತಿದ್ದಾಳೆ.

ಈ ಸುದ್ದಿ ಕಳಸದ ಅಂಗಡಿಬೀದಿಯಲ್ಲಿ ಸುತ್ತಾಡಿ ಬಸವರಾಜಣ್ಣನ ಕಿವಿಗೂ ಬಿತ್ತು. ಚಿಕ್ಕಮಗಳೂರಿನಲ್ಲಿ ಅವರದು ಬಳೆ, ರಿಬ್ಬನ್ನುಗಳ ಅಂಗಡಿ. ಬೆಂಗಳೂರು ಸಾಕಾಗಿ ನಾನು ಊರಿಗೆ ಮರಳಿದ್ದ ಕಾಲ. ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿದ್ದ ಅವರು ಇದ್ದಕ್ಕಿದ್ದಂತೆ ನನ್ನ ತೊಡೆ ತಟ್ಟಿದರು.

"ನೀನು ಆ ಉಗುರುಬಣ್ಣದ ಹುಡುಗ ಅಲ್ವಾ? ಏನ್ ಹೆಸರು, ಪ್ರಕಾಶ? ಕಳಸದಲ್ಲೆಲ್ಲ ನಿಂದೇ ಸುದ್ದಿ ಮಾರಾಯ! ನಮ್ಮನೇಲಿ ಗಿರಿಜಾ ಲಿಕ್ವಿಡ್ ಕುಂಕುಮ ಮಾಡ್ತಾಳೆ. ಬಣ್ಣ ಚೆನ್ನಾಗಿದೆ, ಒಣಗಲ್ಲ. ಬಂದು ನೋಡು."

ನೋಡಲು ಹೋದವನು ಅಲ್ಲೇ ಉಳಿದೆ.

ಅವರ ಹೆಂಡತಿ ಗಿರಿಜಕ್ಕ ನನಗಿಂತ ಸ್ವಲ್ಪ ದೊಡ್ಡವರು, ಕಡಿಮೆ ಮಾತು, ಹಿಡಿದದ್ದನ್ನು ಬಿಡುವವರಲ್ಲ. ಬಸವರಾಜಣ್ಣ ಇದಕ್ಕೆ ತದ್ವಿರುದ್ಧ, ಬಾಯಿ ತೆಗೆದರೆ ಸಂತೆ. ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಹೊಸ ಬ್ಯಾಚು ತಯಾರಾದಾಗ ಮೊದಲನೇ ಹನಿ ಅಕ್ಕನ ಹಣೆಗೆ. ಅವರು ಕನ್ನಡಿ ನೋಡಿ ಹುಬ್ಬಿನ ನಡುವೆ ಇಟ್ಟುಕೊಳ್ಳುತ್ತಿದ್ದರು. ಬಸವರಾಜಣ್ಣ ಅಲ್ಲೇ ಸುಳಿದಾಡಿ, "ಒಣಗ್ತಾ?" ಎಂದು ಕೇಳಿ, ಬೆರಳ ತುದಿಯಿಂದ ಮುಟ್ಟಿ, ಬೆರಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಬೆರಳಿಗೆ ಕೆಂಪು ಹತ್ತದಿದ್ದರೆ ಬ್ಯಾಚು ಪಾಸು. ನಾನು ತೂಕ, ಹುಳಿ, ಮಂದ ಎಲ್ಲ ಅಳೆದು ಸರಿಯಿದೆ ಎಂದರೂ ಆ ಬೆರಳು ಒಪ್ಪದೆ ಒಂದು ಬಾಟಲಿಯೂ ಹೊರಗೆ ಹೋಗುತ್ತಿರಲಿಲ್ಲ. ಬಾಟಲಿ ತುಂಬುವ ವಿಭಾಗ ನೋಡಿಕೊಳ್ಳುತ್ತಿದ್ದ ಲೀಲಾ, "ಅಣ್ಣಾವ್ರಿಗೆ ಹೆಂಡ್ತಿ ಹಣೆ ಮುಟ್ಟೋಕೆ ಒಂದು ನೆವ" ಎಂದು ಕಿಸಕ್ಕೆಂದು ನಗುತ್ತಿದ್ದಳು. ಅಕ್ಕ ಕೇಳಿಸಿದರೂ ಕೇಳಿಸದಂತೆ ಇರುತ್ತಿದ್ದರು.

ನನ್ನ ಮೊದಲ ಪ್ರತಾಪ ಕೇಳಿ. ಬೆಂಗಳೂರಿನಿಂದ ಕಲಿತು ಬಂದ ಜಂಬದಲ್ಲಿ ಪಿ.ವಿ.ಪಿ. ಎಂಬ ಪಾಲಿಮರ್ ಹಾಕಿದೆ. ಬೇಸಿಗೆಯಲ್ಲಿ ಗಾಜಿನಂತೆ ಮಿಂಚಿತು, ಎಲ್ಲರೂ ಹೊಗಳಿದರು. ಜೂನಿನಲ್ಲಿ ಮಳೆ ಹಿಡಿಯಿತು. ಆ ಪಾಲಿಮರಿಗೆ ಗಾಳಿಯ ತೇವ ಹೀರುವ ಚಾಳಿ ಇದೆಯೆಂದು ಪುಸ್ತಕದಲ್ಲಿ ಓದಿದ್ದೆ. ಆದರೆ ನಮ್ಮ ಕಡೆಯ ಗಾಳಿ ಎಂಥದ್ದು ಎಂದು ಪುಸ್ತಕ ಬರೆದವನಿಗೆ ಗೊತ್ತಿರಲಿಲ್ಲ. ಕಳಸದ ಅಂಗಡಿಯವರ ಫೋನು ಬಂತು.

"ಎಂಥ ಕುಂಕುಮ ಕಳ್ಸಿದ್ದೀರಿ ಮಾರಾಯ್ರೆ? ಹೆಂಡ್ತಿ ಹಣೆ ಮೇಲೆ ನಿಲ್ಲಲ್ಲ, ಗಂಡನ ಬಿಳಿ ಅಂಗಿ ಮೇಲೆ ಗಟ್ಟಿಯಾಗಿ ಕೂರುತ್ತೆ! ಮದುವೆ ಮುಗಿಸಿ ಜೀಪಲ್ಲಿ ಬಂದೋರು ಎಲ್ಲಾ ಇಲ್ಲಿ ಬಂದು ಅಂಗಿ ತೋರಿಸ್ತಿದಾರೆ. ಒಬ್ಬರ ಅಂಗಿ ಮೇಲೆ ಯಾರ ಹಣೇದು ಅಂತಾನೇ ಗೊತ್ತಾಗ್ತಿಲ್ಲ, ಮನೇಲಿ ಜಗಳ!"

ಬಸವರಾಜಣ್ಣ ಹೊಟ್ಟೆ ಹಿಡಿದು ನಕ್ಕರು, ಬಯ್ಯಲಿಲ್ಲ. ಹೋಗಿ ಎಲ್ಲ ಅಂಗಡಿಗಳಿಂದ ಬಾಟಲಿ ವಾಪಸ್ಸು ತಂದರು. ಹೊಸಬರೇ, ನಿಮ್ಮ ಊರಿನ ಗಾಳಿಯನ್ನು ಕೇಳದೆ ಯಾವ ಪಾಲಿಮರನ್ನೂ ನಂಬಬೇಡಿ.

ಆಮೇಲೆ ಅಕ್ರಿಲಿಕ್ ಜಾತಿಯ ಪಾಲಿಮರಿಗೆ ಹೊರಳಿದೆ. ಅದು ನಿಜಕ್ಕೂ ಗಟ್ಟಿಗ. ಮಳೆ, ಬೆವರು ಏನಕ್ಕೂ ಜಗ್ಗುತ್ತಿರಲಿಲ್ಲ. ಸಂಜೆ ಉಗುರಿನಿಂದ ಮೀಟಿದರೆ ಇಡೀ ಬೊಟ್ಟು ಪೊರೆಯಂತೆ ಎದ್ದು ಬರುತ್ತಿತ್ತು. ಸ್ಟಿಕ್ಕರ್ ಬೊಟ್ಟಿನ ಅಂಟು ಒಗ್ಗದೆ ಹಣೆಯ ಚರ್ಮ ಬಿಳಿಚಿಕೊಂಡ ಹೆಂಗಸರೂ ನಮ್ಮ ಬಾಟಲಿಗೆ ಬಂದರು. ಹಲವು ವರ್ಷ ಅದೇ ನಮಗೆ ಅನ್ನ ಹಾಕಿತು, ಅದರ ಋಣ ನನಗಿದೆ. ಈಗಿನವರು ಅಕ್ರಿಲಿಕ್ ಎಂದರೆ ವಿಷ ಎನ್ನುವಂತೆ ಮಾತಾಡುವುದು ಕೇಳಿದರೆ ಸಿಟ್ಟು ಬರುತ್ತದೆ. ಕೆಲಸದಲ್ಲಿ ಅದು ಯಾರಿಗೂ ಮೋಸ ಮಾಡಿಲ್ಲ. ತೊಂದರೆ ಇದ್ದದ್ದು ಕೆಲಸ ಮುಗಿದ ಮೇಲೆ.

ಅದನ್ನು ಕಂಡವರು ಗಿರಿಜಕ್ಕ. ಹಂಡೆ ತೊಳೆದ ನೀರು ಶೆಡ್ಡಿನ ಹಿಂದಿನ ಗುಂಡಿಗೆ, ಮಳೆಗಾಲದಲ್ಲಿ ಅಲ್ಲಿಂದ ಹಳ್ಳಕ್ಕೆ ಹೋಗುತ್ತಿತ್ತು. ಒಂದು ದಿನ ಅವರು ಕೋಲಿನಿಂದ ಗುಂಡಿ ಕೆದಕುತ್ತಾ ನಿಂತಿದ್ದರು. ಕೋಲಿನ ತುದಿಯಲ್ಲಿ ಕೆಂಪು ಹಾಳೆಯಂಥದ್ದು ತೂಗಾಡುತ್ತಿತ್ತು.

"ಇದು ಯಾವತ್ತಿಂದು?"

"ಹೋದ ವರ್ಷದ್ದಿರಬೇಕು ಅಕ್ಕ."

"ಕೊಳೆಯಲ್ವಾ?"

"ಸದ್ಯಕ್ಕೆ ಇಲ್ಲ."

"ಸದ್ಯಕ್ಕೆ ಅಂದ್ರೆ?"

"ನಮ್ಮ ಕಾಲಕ್ಕೆ ಇಲ್ಲ ಅನ್ಸುತ್ತೆ."

ಅವರು ಕೋಲು ಕೆಳಗಿಟ್ಟರು. "ನನ್ನ ಹಣೆ ಮೇಲೆ ಒಂದು ದಿನ ಇರೋ ಸಂಪತ್ತಿಗೆ, ನಾವೆಲ್ಲ ಸತ್ತ ಮೇಲೂ ಹಳ್ಳದಲ್ಲಿ ಇರೋ ಪದಾರ್ಥ ಯಾಕೆ ಮಾರಾಯ್ರೆ? ಬೇರೆ ಹುಡುಕಿ."

ಹುಡುಕಿ ಎಂದರೆ ಸಿಗುವುದಕ್ಕೆ ಅದೇನು ಕಳೆದುಹೋದ ಎಮ್ಮೆಯೇ? ಗೋಂದು ಹಾಕಿದೆ, ಬಿರುಕು ಬಿಟ್ಟಿತು. ಅರಗು ಹಾಕಿದೆ, ವಾಸನೆಗೆ ಲೀಲಾ ಮೂಗು ಮುಚ್ಚಿದಳು. ಹೀಗೆ ತಿಣುಕಾಡುತ್ತಿದ್ದಾಗ ಸುಗ್ಗಿಯಲ್ಲಿ ಮೂಡಿಗೆರೆಯ ಹತ್ತಿರ ಇರುವ ಸಾವಿತ್ರಿಯ ತಮ್ಮನ ತೋಟಕ್ಕೆ ಹೋದೆವು. ಹಣ್ಣು ಸುಲಿಯುವ ಪಲ್ಪರ್ ಯಂತ್ರ ಓಡುತ್ತಿತ್ತು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ ಮೇಲೆ ಬೀಜದ ಸುತ್ತ ಲೋಳೆ ಉಳಿಯುತ್ತದಲ್ಲ, ಅದನ್ನು ತೊಳೆದು ತೆಗೆದರೇನೆ ಪಾರ್ಚ್‌ಮೆಂಟ್, ಅಂದರೆ ಮಾರುವಂಥ ಬೀಜ. ತೊಳೆದ ನೀರನ್ನು ಹಳ್ಳಕ್ಕೆ ಬಿಟ್ಟರೆ ಹಳ್ಳ ನಾರುತ್ತದೆ, ಅದಕ್ಕೆ ಗುಂಡಿಯಲ್ಲಿ ನಿಲ್ಲಿಸುತ್ತಾರೆ. ತೊಟ್ಟಿಯಲ್ಲಿ ಕೈಯಾಡಿಸಿ ಮಾತಾಡುತ್ತಾ ಬಿಸಿಲಿಗೆ ನಿಂತೆ. ಸ್ವಲ್ಪ ಹೊತ್ತಿಗೆ ಮೊಣಕೈ ಕೆಳಗೆ ಚರ್ಮ ಬಿಗಿದಂತಾಯಿತು. ನೋಡಿದರೆ ತೆಳ್ಳಗಿನ ಹೊಳೆಯುವ ಪದರ. ಹುಟ್ಟಿದಾಗಿನಿಂದ ಕಾಫಿಯ ನಡುವೆ ಇದ್ದವನಿಗೆ ಅದು ಕಂಡದ್ದು ಆವತ್ತು!

ಲೋಳೆಯಲ್ಲಿರುವುದು ಪೆಕ್ಟಿನ್, ಜಾಮನ್ನು ಗಟ್ಟಿ ಮಾಡುವುದೂ ಅದೇ. ಕ್ಯಾನಿನಲ್ಲಿ ತುಂಬಿಕೊಂಡು ಬಂದೆ. ಸೋಸಿ, ಕಾಯಿಸಿ, ಸ್ಪಿರಿಟ್ ಹಾಕಿ ಬೇರ್ಪಡಿಸಿ, ಒಣಗಿಸಿದಾಗ ಗೋಧಿಬಣ್ಣದ ಪುಡಿ ಸಿಕ್ಕಿತು. ಬಿರುಕು ಬಿಡದಿರಲು ಒಂಚೂರು ಗ್ಲಿಸರಿನ್. ಮೊದಲನೇ ಹನಿ ಅಕ್ಕನ ಹಣೆಗೆ, ಬಸವರಾಜಣ್ಣನ ಬೆರಳು ಬೆಳಕಿಗೆ. ಕೆಂಪು ಹತ್ತಲಿಲ್ಲ. ಬಸವರಾಜಣ್ಣ ಕುಣಿಯುವುದೊಂದು ಬಾಕಿ. "ಕಾಫಿ ಕುಂಕುಮ! ಮಾರೋದು ನನಗೆ ಬಿಡು" ಎಂದರು.

ಅವರ ಉತ್ಸಾಹ ಅಲ್ಲಿಗೇ ನಿಲ್ಲಬೇಕಲ್ಲ? ನಾನು ಊಟಕ್ಕೆ ಹೋದಾಗ, ಕಾರ್ಖಾನೆಯ ಬಣ್ಣ ಯಾಕೆ, ಶುದ್ಧ ಕುಂಕುಮವನ್ನೇ ಹಾಕೋಣವೆಂದು ಮನೆಯಲ್ಲಿ ಅರಿಶಿನಕ್ಕೆ ಸುಣ್ಣ ಕೂಡಿಸಿ ಮಾಡಿದ್ದ ಕುಂಕುಮವನ್ನು ತಂದು ಹಂಡೆಗೆ ಸುರಿದು, ತಾವೇ ತಿರುವಿದರು. ನಾನು ಬರುವಷ್ಟರಲ್ಲಿ ಹಂಡೆಯ ಮುಂದೆ ಬಾಯಿ ಬಿಟ್ಟುಕೊಂಡು ನಿಂತಿದ್ದರು.

"ಪ್ರಕಾಶಾ, ಕುಂಕುಮ ಹಾಕಿದ್ರೆ ಅರಿಶಿನ ಆಯ್ತಲ್ಲೋ ಮಾರಾಯ!"

ಆಗದೆ ಏನು? ಅರಿಶಿನ ಕೆಂಪಾಗುವುದು ಸುಣ್ಣದ ಬಲದಿಂದ. ಕಾಫಿ ಲೋಳೆ ಹುಳಿ. ಹುಳಿ ಬಿದ್ದರೆ ಸುಣ್ಣದ ಬಲ ಮುರಿದು ಮತ್ತೆ ಹಳದಿ. ಇಡೀ ಹಂಡೆ ಹಳದಿ, ಅದರ ಜೊತೆಗೆ ತಳದಲ್ಲಿ ಅಲ್ಲಲ್ಲಿ ಗಟ್ಟಿ ಉಂಡೆಗಳು. ಹಳದಿಯ ಕಾರಣ ಅವರಿಗೆ ಬಿಡಿಸಿ ಹೇಳಿದೆ, ಉಂಡೆಗಳನ್ನು ಬಳಿದು ಎಸೆದೆ. ಆ ಉಂಡೆಗಳು ಯಾಕಾದವು ಎಂದು ಅರೆಗಳಿಗೆ ಯೋಚಿಸಿದ್ದರೆ ಸಾಕಿತ್ತು. ನಗುವುದರಲ್ಲೇ ಹೊತ್ತು ಹೋಯಿತು. ಗಿರಿಜಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅವರಿಬ್ಬರೂ ಸೇರಿ ನಕ್ಕದ್ದನ್ನು ನಾನು ನೋಡಿದ್ದು ಅದೇ ಕೊನೆ.

ಕಾಫಿ ಹೂ ಬಿಟ್ಟಿದ್ದ ವಾರ ಅದು. ಕಳಸದ ಅಂಗಡಿಗಳಿಗೆ ಸರಕು ಹಾಕಲು ಹೋದ ಬಸವರಾಜಣ್ಣ ಅಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ಎದೆ ಹಿಡಿದುಕೊಂಡು ಕೂತರಂತೆ, ಏಳಲಿಲ್ಲ. ಅವರನ್ನು ತಂದ ಜೀಪಿನಲ್ಲಿ ಅವರ ಬ್ಯಾಗೂ ಇತ್ತು, ಒಳಗೆ ಕುಂಕುಮದ ಬಾಟಲಿಗಳು. ನಾನು ಗೋಡೆಗೆ ಮುಖ ಮಾಡಿಕೊಂಡು ಮಗುವಿನಂತೆ ಅತ್ತೆ. ಹೇಳಿಕೊಳ್ಳಲು ನಾಚಿಕೆಯಿಲ್ಲ. ಬೈಯಬಹುದಾದ ಕಡೆಯೆಲ್ಲ ನಕ್ಕು ನನ್ನನ್ನು ಉಳಿಸಿಕೊಂಡ ಮನುಷ್ಯ ಅವರು.

ಗಿರಿಜಕ್ಕ ಶೆಡ್ಡಿಗೆ ಬರುವುದನ್ನು ನಿಲ್ಲಿಸಿದರು. ಬಸವರಾಜಣ್ಣನ ಅಣ್ಣ, ಅಂದರೆ ಅಕ್ಕನ ಭಾವ, ಒಂದು ದಿನ ಬಂದು ಶೆಡ್ಡಿನ ಉದ್ದಗಲ ನೋಡಿದರು. ಕೆಟ್ಟವರಲ್ಲ, ಲೋಕ ಏನೆನ್ನುತ್ತದೋ ಎಂಬ ಹೆದರಿಕೆಯವರು. "ಗಂಡ ಹೋದೋಳು ಕುಂಕುಮ ಮಾಡಿ ಮಾರೋದು ಅಂದ್ರೆ ಜನ ಏನಂತಾರೆ ಹೇಳಿ? ಮೆಣಸಿನ ವ್ಯಾಪಾರದೋರು ಗೋಡೌನಿಗೆ ಈ ಶೆಡ್ ಕೇಳ್ತಿದಾರೆ" ಎಂದರು. ಅದೇ ಸಂಜೆ ಅಕ್ಕ ಫೋನು ಮಾಡಿದರು.

"ಸ್ಟಿಕ್ಕರ್ ಜಾಸ್ತಿ ಆದ ಮೇಲೆ ಅಂಗಡಿ ವ್ಯಾಪಾರ ಇಳಿದಿದೆ, ನಿಮಗೂ ಗೊತ್ತು. ಅವರಿದ್ದಾಗ ಮಾತಾಡಿದ್ದ ಆ ಬೆಂಗಳೂರು ಕಂಪನಿಯವರು ಪ್ಲಾಸ್ಟಿಕ್ ಜಾತಿ ಪಾಲಿಮರ್ ಇಲ್ಲದ ಕುಂಕುಮ ಆದ್ರೆ ತಗೋತೀವಿ, ಆದ್ರೆ ಮಳೇಲಿ ನಿಲ್ಬೇಕು ಅಂದಿದಾರಲ್ಲ, ಅದೊಂದು ಆಗುತ್ತಾ ನೋಡಿ. ಮಳೆಗಾಲ ಮುಗಿಯೋವರೆಗೆ ಭಾವನ್ನ ತಡೀತೀನಿ. ಆಗ್ಲಿಲ್ಲ ಅಂದ್ರೆ ಶೆಡ್ ಅವರ ಕೈಗೆ ಕೊಡ್ತೀನಿ. ನಂಗೂ ಆ ಕಡೆ ಬರೋಕೆ ಕಾಲು ಏಳ್ತಾ ಇಲ್ಲ."

ಹೀಗೆ ಇಡೀ ಶೆಡ್ಡು ಒಂದು ಹನಿಯ ಮೇಲೆ ನಿಂತಿತು. ನಾನು, ಲೀಲಾ, ಜೊತೆಗಿದ್ದ ಹೆಂಗಸರು ಎಲ್ಲರ ಕೆಲಸವೂ ಅದರ ಮೇಲೇ.

ಪದರ ಕೊಳೆಯುತ್ತದೆಯೇ ಎಂಬುದು ಬೇಗ ತೀರ್ಮಾನವಾಯಿತು. ವಸ್ತಾರೆಯಲ್ಲಿ ನಮ್ಮ ಕಾಫಿ ಗಿಡದ ಬುಡದ ದರಗೆಲೆಯ ಅಡಿಯಲ್ಲಿ ಅಕ್ರಿಲಿಕ್ ಪದರದ ಒಂದು ಚೂರು, ಲೋಳೆ ಪದರದ ಒಂದು ಚೂರು ಬಟ್ಟೆಯಲ್ಲಿ ಕಟ್ಟಿ ಹೂತಿದ್ದೆ. ಮಳೆ ಶುರುವಾದ ಮೇಲೆ ಸಾವಿತ್ರಿ ತೆಗೆದು ನೋಡಿದಳು. ಒಂದು ಹೂತಂತೆಯೇ ಇತ್ತು, ಇನ್ನೊಂದು ಹುಡುಕಿದರೂ ಇರಲಿಲ್ಲ. ಮಣ್ಣಿಗೆ ಒಪ್ಪಿಗೆಯಾಯಿತು. ಹಣೆಗೆ ಒಪ್ಪಿಗೆಯಾಗಬೇಕಲ್ಲ!

ಮಣ್ಣಿನಲ್ಲಿ ಬೇಗ ಕರಗುವುದು ಮಳೆಯಲ್ಲೂ ಬೇಗ ಕರಗುತ್ತದೆ, ಇದೇ ಈ ಕೆಲಸದ ಫಜೀತಿ. ಪ್ರತಿ ಬ್ಯಾಚಿಗೂ ನಾವೆಲ್ಲ ಕಮಲಾ ಮೇಡಂ ಹೇಳಿದಂತೆ ಹಣೆ ತೊಳೆದು, ಸ್ಪಿರಿಟ್‌ನಲ್ಲಿ ಒರೆಸಿ, ಬೊಟ್ಟು ಇಟ್ಟು, ಒಣಗಿಸಿ, ಮಳೆಯಲ್ಲಿ ಗೇಟಿನವರೆಗೆ ಹೋಗಿ ಬರುತ್ತಿದ್ದೆವು. ಬರುವಾಗ ಎಲ್ಲರ ಮೂಗಿನ ಮೇಲೂ ಕೆಂಪು ಕಾಲುವೆ. ರಸ್ತೆಯಲ್ಲಿ ಹೋಗುವವರು ಬೈಕು ನಿಲ್ಲಿಸಿ ನೋಡುತ್ತಿದ್ದರು. ಪುಡಿ ಹೆಚ್ಚು ಮಾಡಿದೆ, ಕಡಿಮೆ ಮಾಡಿದೆ, ಅರೇಬಿಕಾ ಬಿಟ್ಟು, ಸುಗ್ಗಿಯಲ್ಲಿ ಒಣಗಿಸಿಟ್ಟಿದ್ದ ರೊಬಸ್ಟಾ ಲೋಳೆಯ ಪುಡಿ ಹಾಕಿದೆ. ಏನೂ ಆಗಲಿಲ್ಲ. ಲೀಲಾಳ ಬಾಯಿಯೂ ಕಟ್ಟಿತು.

ಶ್ರಾವಣದ ಒಂದು ಮಧ್ಯಾಹ್ನ ಶೆಡ್ಡಿನ ಮುಂದೆ ಆಟೋ ನಿಂತಿತು. ಗಿರಿಜಕ್ಕ ಇಳಿದರು. ಮೊದಲೆಲ್ಲ ಅವರು ಹಣೆಯ ಮೇಲ್ಭಾಗದಲ್ಲಿ ತೆಳ್ಳಗೆ ವಿಭೂತಿ ಹಚ್ಚಿ, ಹುಬ್ಬಿನ ನಡುವೆ ಕುಂಕುಮಕ್ಕೆ ಜಾಗ ಬಿಡುತ್ತಿದ್ದರು. ಈಗ ಆ ಜಾಗವೂ ಸೇರಿ ಹಣೆ ಪೂರ್ತಿ ವಿಭೂತಿ. ಆಗಷ್ಟೇ ಗೇಟಿನಿಂದ ಬಂದಿದ್ದೆ, ನನ್ನ ಬೊಟ್ಟು ಗಲ್ಲದವರೆಗೆ ಇಳಿದಿತ್ತು. ಅಕ್ಕ ನನ್ನನ್ನು ನೋಡಿದರು, ನೋಡಿ ನಕ್ಕುಬಿಟ್ಟರು.

"ಇದೇನ್ ವೇಷ ಮಾರಾಯ್ರೆ? ಮೊದಲನೇ ಹನಿ ಈಗ ನಿಮಗಾ?"

"ನೀವು ಬರ್ಲಿಲ್ವಲ್ಲ ಅಕ್ಕ."

ಅವರು ಕೈ ಚಾಚಿದರು. "ಹೊಸ ಬ್ಯಾಚಾ? ಕೊಡಿ ಇಲ್ಲಿ."

ಲೀಲಾ ಬಾಟಲಿ ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು. ಅಕ್ಕ ನಮ್ಮೆಲ್ಲರ ಮುಖ ನೋಡಿ, "ಏನ್ ಹಾಗೆ ನೋಡ್ತೀರಿ? ಅವರಿದ್ದಾಗ ಮೊದಲನೇ ಹನಿ ನಂದು. ಈ ಶೆಡ್ ಇರೋವರೆಗೂ ನಂದೇ. ಇದು ಅಲಂಕಾರ ಅಲ್ಲ, ಕೆಲಸ" ಎಂದರು.

ಅಂಥ ಹೊತ್ತಿನಲ್ಲೂ ನನ್ನ ಬಾಯಿಯಿಂದ ಹೊರಟದ್ದು ಕಮಲಾ ಮೇಡಮ್ಮಿನ ಮಾತು. "ಅಕ್ಕ, ಹಣೆ ಒರೆಸ್ಕೊಂಡು..."

"ವಿಭೂತಿ ಒರೆಸಲ್ಲ." ಅಲ್ಲಿಗೆ ಮುಗಿಯಿತು. ಅವರು ಕನ್ನಡಿಯ ಮುಂದೆ ನಿಂತು ವಿಭೂತಿಯ ಮೇಲೇ ಹನಿ ಇಟ್ಟುಕೊಂಡರು. ಸ್ವಲ್ಪ ಹೊತ್ತಾದ ಮೇಲೆ ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದರು. ಪಕ್ಕದಲ್ಲಿ ಯಾರೂ ಇರಲಿಲ್ಲ. ಲೀಲಾ ಓಡಿ ಬಂದು ಬೆರಳಿನಿಂದ ಮುಟ್ಟಿ, ಬೆಳಕಿಗೆ ಹಿಡಿದು, "ಒಣಗಿದೆ ಅಕ್ಕ" ಎಂದು ಹೇಳಿ ಅಳಲು ಶುರುಮಾಡಿದಳು. ಅಕ್ಕ ಅವಳ ತಲೆ ಸವರಿ, ಕೊಡೆ ಅಲ್ಲೇ ಮರೆತು ಮಳೆಯಲ್ಲೇ ಹೊರಟರು. ನಾನೋ, ಹಣೆ ತೊಳೆಯದೆ ಮಾಡಿದ ಪರೀಕ್ಷೆ ಲೆಕ್ಕಕ್ಕಿಲ್ಲವೆಂದು ಆ ಬ್ಯಾಚನ್ನೂ ಕೈಬಿಟ್ಟಿದ್ದೆ. ಬುದ್ಧಿವಂತ ನೋಡಿ!

ಸಂಜೆ ವಸ್ತಾರೆಗೆ ಬಂದು ಕಾಫಿ ಬಾಯಿಗಿಟ್ಟಾಗ ಫೋನು.

"ಇದು ಹೋಗ್ತಾ ಇಲ್ಲ ಮಾರಾಯ್ರೆ!" ಅಕ್ಕನ ದನಿ.

"ಯಾವುದು?"

"ಕುಂಕುಮ! ಆಟೋ ಸಿಗದೆ ಮಾರ್ಕೆಟ್ ತನಕ ನೆನ್ಕೊಂಡೇ ಬಂದೆ. ವಿಭೂತಿ ಎಲ್ಲ ತೊಳ್ದು ಹೋಗಿದೆ, ಬೊಟ್ಟು ಮಾತ್ರ ಹಾಗೇ ಇದೆ. ಭಾವ ಬಂದ್ ಕೂತಿದಾರೆ, ಗೋಡೌನಿನ ಮಾತು ಮುಗಿಸೋಕೆ. ಬಚ್ಚಲಿಗೆ ಹೋಗಿ ನೀರು ಹಾಕಿ ಉಜ್ಜಿದೆ, ಹೋಗ್ಲಿಲ್ಲ. ಹಾಗೇ ಬಂದು ಎದುರಿಗೆ ನಿಂತೆ."

"ಏನಂದ್ರು?"

"ಹಣೆ ನೋಡಿ ತಲೆ ತಗ್ಗಿಸಿದ್ರು. ನನಗೂ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಆಮೇಲೆ ಇದ್ದಕ್ಕಿದ್ದ ಹಾಗೆ ಹೊಳೀತು ಮಾರಾಯ್ರೆ. ಇದು ಕಾಫಿ ಲೋಳೆದು! ಮಳೇಲಿ ನೆಂದ್ರೂ ಹೋಗಿಲ್ಲ! ಭಾವ, ಇದು ನಿಂತಿದೆ, ಶೆಡ್ ಕೊಡಲ್ಲ ಅಂದೆ. ಅವರಿಗೆ ತಲೆಬುಡ ಅರ್ಥ ಆಗ್ಲಿಲ್ಲ, ಕಾಫಿ ಕುಡಿದು ಹೋದ್ರು." ಅಷ್ಟು ಹೇಳಿ ಅಕ್ಕ ಅತ್ತರು, ಅಳುತ್ತಲೇ ನಕ್ಕರು. ಈಚೆ ನನ್ನದೂ ಅದೇ ಅವಸ್ಥೆ. ಸಾವಿತ್ರಿ ಗಾಬರಿಯಾಗಿ ಕಾಫಿ ಲೋಟ ಕಿತ್ತುಕೊಂಡಳು.

ಮರುದಿನ ನನ್ನ ಹಣೆಯ ಅರ್ಧಕ್ಕೆ ವಿಭೂತಿ ಹಚ್ಚಿ, ಅರ್ಧ ಬರಿದು ಬಿಟ್ಟು, ಎರಡೂ ಕಡೆ ಬೊಟ್ಟಿಟ್ಟು ಮಳೆಗೆ ನಿಂತೆ. ಬರಿದಾದ ಕಡೆಯದು ಇಳಿದು ಹೋಯಿತು, ವಿಭೂತಿಯ ಮೇಲಿನದು ನಿಂತಿತು. ವಿಭೂತಿಯಲ್ಲಿ ಸುಣ್ಣದ ಅಂಶ ಇದೆ. ಲೋಳೆಯ ಹುಳಿಗೆ ಅದು ಒಂಚೂರು ಕರಗಿ, ಪೆಕ್ಟಿನ್ ದಾರಗಳನ್ನು ಒಂದಕ್ಕೊಂದು ಗಂಟು ಹಾಕುತ್ತದೆ, ಗಂಟು ಬಿದ್ದ ಮೇಲೆ ನೀರಿಗೆ ಬಿಚ್ಚುವುದಿಲ್ಲ. ಬಸವರಾಜಣ್ಣ ಸುಣ್ಣದ ಕುಂಕುಮ ಸುರಿದಾಗ ಹಂಡೆಯ ತಳದಲ್ಲಿ ಕಟ್ಟಿದ್ದ ಉಂಡೆಗಳೂ ಇವೇ ಗಂಟುಗಳು. ಉತ್ತರವನ್ನು ಅವರು ಆ ದಿನವೇ ಕೈಗೆ ಕೊಟ್ಟಿದ್ದರು. ನಾವು ಪ್ರತಿ ಸಲ ಹಣೆ ತೊಳೆದು ತೊಳೆದು ಅದನ್ನೇ ಚರಂಡಿಗೆ ಬಿಡುತ್ತಿದ್ದೆವು. ಹಾಗೆಂದು ಮೇಡಂ ಹೇಳಿದ್ದು ತಪ್ಪೆನ್ನುವುದಿಲ್ಲ. ತೊಳೆದ ಚರ್ಮದ ಮೇಲೆ ನೋಡಿ, ಆಮೇಲೆ ಜನ ನಿಜವಾಗಿ ಇರುವ ಹಾಗೆಯೂ ನೋಡಿ.

ಇದನ್ನೆಲ್ಲ ಅಕ್ಕನಿಗೆ ಫೋನಿನಲ್ಲಿ ವಿವರಿಸಿ, ಕೊನೆಗೆ ಹೇಳಿದೆ: "ನಿಂಬೆರಸ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿ ಅಕ್ಕ. ಅದು ಸುಣ್ಣಾನ ಹಿಡ್ಕೊಂಡು ಗಂಟು ಬಿಚ್ಚುತ್ತೆ. ಬೊಟ್ಟು ಹೋಗುತ್ತೆ."

"ಗೊತ್ತಾಯ್ತು" ಎಂದರು ಅಕ್ಕ. "ಇವತ್ತು ಬೇಡ."

ಈಗ ನಮ್ಮ ಡಬ್ಬದಲ್ಲಿ ಎರಡು ಪುಟ್ಟ ಬಾಟಲಿಗಳಿವೆ. ಮೊದಲು ವಿಭೂತಿಯಂತೆ ಸುಣ್ಣದ ಅಂಶವಿರುವ ಬಿಳಿ, ಅದರ ಮೇಲೆ ಕೆಂಪು. ಕಳಸದ ಮುದುಕಿಯೊಬ್ಬರು ಅಂಗಡಿಯಲ್ಲಿ ನೋಡಿ, "ಇದೇನ್ ಹೊಸದು? ನಮ್ಮ ಕಾಲದಲ್ಲಿ ಮೊದಲು ಮೇಣ, ಮೇಲೆ ಕುಂಕುಮ" ಎಂದು ಮುಖ ಸಿಂಡರಿಸಿದರಂತೆ. ಬೆಂಗಳೂರಿನವರು ಒಪ್ಪಿದರು, ಮೆಣಸಿನವರು ಬೇರೆ ಗೋಡೌನು ಹುಡುಕಿಕೊಂಡರು. ಹೊಸ ಹುಡುಗಿಗೆ ಇಷ್ಟು ಹೇಳಬೇಕು: ಡಬ್ಬದ ಮೇಲೆ ಪ್ರಕೃತಿ, ಪರಿಸರ ಎಂದು ದೊಡ್ಡದಾಗಿ ಬರೆಸಲು ಯಾರಾದರೂ ಹೇಳಿದರೆ ತಡೆ. ಬಾಟಲಿ ಇನ್ನೂ ಪ್ಲಾಸ್ಟಿಕ್ಕೇ. ಲೋಳೆಯ ಪದರ ಮಸ್ಕರಾಕ್ಕೆ, ಉಗುರಿಗೆ ಆಗುವುದಿಲ್ಲ, ನೋಡಿದ್ದೇನೆ. ಪ್ರತಿ ತೋಟದ ಲೋಳೆಯೂ ಬೇರೆ, ಪ್ರತಿ ಸುಗ್ಗಿಯೂ ಬೇರೆ. ಆಗಿರುವುದು ಇಷ್ಟೇ: ಅಕ್ಕನ ಹಣೆಯಿಂದ ಇಳಿದದ್ದು ಹಳ್ಳದಲ್ಲಿ ಉಳಿಯುವುದಿಲ್ಲ. ಅಷ್ಟಕ್ಕೇ ನಮಗೆ ಇಷ್ಟು ವರ್ಷ ಬೇಕಾಯಿತು. ಮುಂದಿನದು ನಿನ್ನದು.

ನಾನು ಕೆಲಸ ಬಿಟ್ಟ ದಿನ ಹಾರ ತುರಾಯಿ ಬೇಡವೆಂದಿದ್ದೆ. ಎಂದಿನಂತೆ ಒಂದು ಬ್ಯಾಚು ಇಳಿಸಿದೆವು. ಅಕ್ಕ ಬಾಟಲಿ ತೆಗೆದುಕೊಂಡು ಕನ್ನಡಿಯ ಕಡೆ ಹೋದವರು ತಿರುಗಿ ನನ್ನ ಹತ್ತಿರ ಬಂದರು. "ಇವತ್ತು ಒಂದಿನ ನಿಮಗೆ" ಎಂದು ನನ್ನ ಹಣೆಗೆ ಬಿಳಿ ಸವರಿ, ಮೇಲೆ ಕೆಂಪು ಹನಿ ಇಟ್ಟರು. ಎಲ್ಲರೂ ಸುತ್ತ ನಿಂತಿದ್ದರು. ಹೊರಗೆ ಮಳೆ ಹನಿಯುತ್ತಿತ್ತು, ನನ್ನ ಬಸ್ಸಿಗೆ ಹೊತ್ತಾಗಿತ್ತು. ಅಕ್ಕ ಕಾದು ನಿಂತು, ಆಮೇಲೆ ಕೇಳಿದರು.

"ಒಣಗ್ತಾ?"

ಬಸವರಾಜಣ್ಣನ ಮಾತು, ಅಕ್ಕನ ಬಾಯಲ್ಲಿ. ತಲೆಯಾಡಿಸಿದೆ. ಅಕ್ಕ ಬೆರಳಿನಿಂದ ನನ್ನ ಹಣೆ ಮುಟ್ಟಿದರು, ಬೆರಳನ್ನು ಬೆಳಕಿಗೆ ಹಿಡಿದು ಚೆನ್ನಾಗಿ ನೋಡಿದರು.

"ಪಾಸು" ಎಂದರು. "ಹೋಗಿ ಬನ್ನಿ."